ದುರ್ಗದ ಕೋಟೆಯಿಂದ ಸೂಳೆಕೆರೆಯವರೆಗೆ: ಮೇಲಿನಿಂದ ನೋಡಲು ಯಾವ ಉಚಿತ ಚಿತ್ರ ಯಾವುದಕ್ಕೆ ಸರಿ?

ಚಿತ್ರದುರ್ಗದ ಕೋಟೆ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಕೇಳುವವರಿಗೂ, ಸೂಳೆಕೆರೆಯ ನೀರು ಈ ಬೇಸಿಗೆಯಲ್ಲಿ ಎಷ್ಟು ಹಿಂದೆ ಸರಿದಿದೆ ಎಂದು ಕೇಳುವವರಿಗೂ, ಪಕ್ಕದ ಹೊಲದವರ ಅಡಿಕೆ ಸಸಿ ತಮ್ಮ ಬದು ದಾಟಿ ಬಂದಿದೆಯೇ ಎಂದು ಕೇಳುವವರಿಗೂ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಸ್ಯಾಟಲೈಟ್ ನೋಟಕ್ಕೆ ಹೋಗಿ. ಮೊದಲನೆಯ ಪ್ರಶ್ನೆಗೆ ಆ ಉತ್ತರ ಸಾಕು. ಎರಡನೆಯದಕ್ಕೆ ಅದು ದಾರಿ ತಪ್ಪಿಸುತ್ತದೆ. ಮೂರನೆಯದಕ್ಕೆ ಅದನ್ನು ನಂಬಿದರೆ ಜಗಳಕ್ಕೆ ದಾರಿಯಾಗುತ್ತದೆ.

ಈ ಮೂರು ಪ್ರಶ್ನೆಗಳಿಗೂ ಬೇರೆ ಬೇರೆ ಉಚಿತ ಆಕರಗಳಿವೆ. ಅವುಗಳನ್ನು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪರಿಚಿತ ಜಾಗಗಳ ಮೇಲೆಯೇ ಇಟ್ಟು ಹೋಲಿಸುವುದು ಇಲ್ಲಿನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಚಿತ್ರದ ಸ್ಪಷ್ಟತೆಯನ್ನು ನೋಡಿ ಆಯ್ಕೆ ಮಾಡುತ್ತಾರೆ. ಆದರೆ ಮೊದಲು ಕೇಳಬೇಕಾದದ್ದು ಅದರ ದಿನಾಂಕವನ್ನು. ಕೋಟೆಯ ಗೋಡೆ, ಗುಡಿ, ಪುಷ್ಕರಣಿಗಳಂತಹ ಕದಲದ ವಸ್ತುಗಳಿಗೆ ಸ್ಪಷ್ಟತೆಯೇ ಮುಖ್ಯ, ನಿಜ. ನೀರು, ಬೆಳೆ, ಬಡಾವಣೆ, ಗಣಿಗಳಂತಹ ಬದಲಾಗುತ್ತಲೇ ಇರುವ ಸಂಗತಿಗಳಲ್ಲಿ ಮಾತ್ರ, ಚಿತ್ರವನ್ನು ಯಾವಾಗ ತೆಗೆದದ್ದು ಎಂಬುದು ಗೊತ್ತಿಲ್ಲದಿದ್ದರೆ ಅದೆಷ್ಟೇ ಸ್ಪಷ್ಟವಾಗಿದ್ದರೂ ಅದರಿಂದ ತಿಳಿಯುವುದು ಕಡಿಮೆ.

ಇವನ್ನೆಲ್ಲ ವೈಮಾನಿಕ ಚಿತ್ರಗಳೆಂದು ಕರೆಯುವ ರೂಢಿಯಿದ್ದರೂ, ನಮ್ಮ ಭಾಗದ ಮಟ್ಟಿಗೆ ಸಾರ್ವಜನಿಕರಿಗೆ ಉಚಿತವಾಗಿ ಸಿಗುವ ಬಹುಪಾಲು ಚಿತ್ರಗಳು ಉಪಗ್ರಹದಿಂದ ಬಂದವು. ವಿಮಾನದಿಂದ ಚಿತ್ರ ತೆಗೆಯುವ ಕೆಲಸ ನಮ್ಮ ದೇಶದಲ್ಲಿ ಬಹುಕಾಲ ಸರ್ಕಾರದ ಅನುಮತಿಯ ಬಿಗಿ ಹಿಡಿತದಲ್ಲಿತ್ತು. 2021ರ ಫೆಬ್ರವರಿಯಲ್ಲಿ ನಕ್ಷೆ ಮತ್ತು ಭೂದತ್ತಾಂಶದ ನಿಯಮಗಳನ್ನು ಕೇಂದ್ರ ಸರ್ಕಾರ ಸಾಕಷ್ಟು ಸಡಿಲಿಸಿದರೂ, ಮನೆಯಲ್ಲಿ ಕುಳಿತು ನೋಡುವವರಿಗೆ ಇಂದಿಗೂ ಉಪಗ್ರಹ ಚಿತ್ರವೇ ಆಧಾರ.

ಗುಂಟೆಯ ಲೆಕ್ಕದಲ್ಲಿ ಸ್ಪಷ್ಟತೆ

ಉಪಗ್ರಹ ಚಿತ್ರ ಚಿಕ್ಕ ಚಿಕ್ಕ ಚೌಕಗಳಿಂದ ಆಗಿರುತ್ತದೆ, ಮತ್ತು ಒಂದು ಚೌಕ ನೆಲದ ಮೇಲೆ ಎಷ್ಟು ಅಗಲವನ್ನು ಆವರಿಸುತ್ತದೆ ಎಂಬುದೇ ಅದರ ಸ್ಪಷ್ಟತೆಯ ಅಳತೆ. ಈ ಅಳತೆಯನ್ನು ಮೀಟರಿನಲ್ಲಿ ಹೇಳಿದರೆ ಅಂದಾಜು ಸಿಗುವುದು ಕಷ್ಟ. ಗುಂಟೆಯಲ್ಲಿ ಹೇಳಿದರೆ ನಮ್ಮವರಿಗೆ ತಕ್ಷಣ ಹೊಳೆಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಸುಮಾರು 101 ಚದರ ಮೀಟರ್. ಹೀಗಾಗಿ ಸೆಂಟಿನೆಲ್‌ನ ಒಂದು ಚೌಕವೆಂದರೆ ಹೆಚ್ಚುಕಡಿಮೆ ಒಂದು ಗುಂಟೆ, ಒಂದು ಎಕರೆ ಹೊಲವೆಂದರೆ ನಲವತ್ತು ಚೌಕ, ದಾವಣಗೆರೆಯ ಯಾವುದಾದರೂ ಬಡಾವಣೆಯ 30×40 ನಿವೇಶನವೆಂದರೆ ಒಂದು ಚೌಕಕ್ಕಿಂತ ಸ್ವಲ್ಪವೇ ಹೆಚ್ಚು. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಚೌಕ 30 ಮೀಟರಿನದು. ಅದು ಸುಮಾರು ಒಂಬತ್ತು ಗುಂಟೆ ನುಂಗುತ್ತದೆ. ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹದಲ್ಲಿರುವ ಲಿಸ್-4 ಕ್ಯಾಮೆರಾದ 5.8 ಮೀಟರಿನ ಚೌಕ ಗುಂಟೆಯ ಮೂರನೆಯ ಒಂದು ಭಾಗ. ನಾಸಾದ ಮೋಡಿಸ್ ಉಪಕರಣದ ಅತಿ ಸೂಕ್ಷ್ಮ ಚೌಕವೇ 250 ಮೀಟರಿನದು, ಅಂದರೆ ಹದಿನೈದು ಎಕರೆಗೂ ಮಿಕ್ಕಿದ್ದು. ಇನ್ನೊಂದು ತುದಿಯಲ್ಲಿ, ಗೂಗಲ್ ಅರ್ಥ್‌ನಲ್ಲಿ ಕಾಣುವ ವಾಣಿಜ್ಯ ಉಪಗ್ರಹಗಳ ಅರ್ಧ ಮೀಟರಿನ ಚಿತ್ರದಲ್ಲಿ ಒಂದು ಗುಂಟೆಯೊಳಗೆ ನಾನೂರು ಚೌಕಗಳು ಹಿಡಿಯುತ್ತವೆ.

ಒಂದು ವಸ್ತುವನ್ನು ಗುರುತಿಸಬೇಕಾದರೆ ಅದು ಕನಿಷ್ಠ ನಾಲ್ಕಾರು ಚೌಕಗಳಷ್ಟಾದರೂ ಇರಬೇಕು. ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ಗಾಳಿಯಂತ್ರವನ್ನೇ ತೆಗೆದುಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಅದರ ಕಂಬ, ರೆಕ್ಕೆ, ನೆಲದ ಮೇಲೆ ಚಾಚಿದ ನೆರಳು ಎಲ್ಲವೂ ಕಾಣುತ್ತವೆ. ಸೆಂಟಿನೆಲ್ ಚಿತ್ರದಲ್ಲಿ ಯಂತ್ರದ ಗುರುತು ಸಿಗುವುದು ಕಷ್ಟ. ಗುಡ್ಡದ ನೆತ್ತಿಯ ಮೇಲೆ ಅಂಕುಡೊಂಕಾಗಿ ಹೋದ ಮಣ್ಣಿನ ರಸ್ತೆ ಮತ್ತು ಯಂತ್ರ ನಿಲ್ಲಿಸಲು ಸಮತಟ್ಟು ಮಾಡಿದ ಜಾಗಗಳು ಮಾತ್ರ ಮಸುಕಾದ ಬಿಳಿ ಗುರುತಾಗಿ ತೋರುತ್ತವೆ.

ಕೋಟೆ, ಗುಡಿ, ಪುಷ್ಕರಣಿಗಳಿಗೆ ಗೂಗಲ್ ಅರ್ಥ್

ಕದಲದ ಜಾಗಗಳನ್ನು ನೋಡಲು ಗೂಗಲ್ ಅರ್ಥ್‌ಗೆ ಸರಿಸಾಟಿಯಾದ ಉಚಿತ ಸಾಧನ ಇನ್ನೂ ಇಲ್ಲವೆಂದೇ ನನ್ನ ತೀರ್ಮಾನ. ಇದು ಮೂರು ರೂಪಗಳಲ್ಲಿ ಸಿಗುತ್ತದೆ: ಮೊಬೈಲಿನ ಆ್ಯಪ್, ಬ್ರೌಸರಿನಲ್ಲಿ ತೆರೆಯುವ ಆವೃತ್ತಿ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಗೂಗಲ್ ಅರ್ಥ್ ಪ್ರೊ. ಮೊದಲು ಹಣ ಕೊಟ್ಟು ಕೊಳ್ಳಬೇಕಿದ್ದ ಪ್ರೊ ಆವೃತ್ತಿ 2015ರಿಂದ ಉಚಿತವಾಗಿದೆ. ಆಯ್ಕೆಯಿದ್ದರೆ ನಾನು ಪ್ರೊ ಆವೃತ್ತಿಯನ್ನೇ ಸೂಚಿಸುತ್ತೇನೆ. ಪರದೆಯ ಕೆಳಪಟ್ಟಿಯಲ್ಲಿ ಅದು ಚಿತ್ರದ ದಿನಾಂಕವನ್ನೂ, ಮೌಸ್ ಇರುವ ಜಾಗದ ಎತ್ತರವನ್ನೂ ತೋರಿಸುತ್ತದೆ. ಗಡಿಯಾರದ ಗುರುತನ್ನು ಒತ್ತಿದರೆ ಅದೇ ಜಾಗದ ಹಳೆಯ ಚಿತ್ರಗಳು ಒಂದೊಂದಾಗಿ ಬರುತ್ತವೆ. ಈ ಹಳೆಯ ಚಿತ್ರಗಳ ಸೌಲಭ್ಯ 2024ರಿಂದ ಬ್ರೌಸರ್ ಆವೃತ್ತಿಯಲ್ಲೂ ಇದೆ. ಗೂಗಲ್ ಮ್ಯಾಪ್ಸ್‌ನ ಸ್ಯಾಟಲೈಟ್ ನೋಟದಲ್ಲಿ ಚಿತ್ರ ತೆಗೆದ ದಿನಾಂಕ ಕಾಣುವುದಿಲ್ಲ. ಅಂಚಿನಲ್ಲಿ ಕಾಣುವ ವರ್ಷ ಹಕ್ಕುಸ್ವಾಮ್ಯದ ವರ್ಷವೇ ಹೊರತು ಚಿತ್ರದ್ದಲ್ಲ. ಈ ಎರಡನ್ನು ಬೆರೆಸಿ ಹೇಳುವವರನ್ನು ಎಲ್ಲೆಡೆ ಕಾಣಬಹುದು.

ಚಿತ್ರದುರ್ಗದ ಕೋಟೆಯನ್ನು ಹೀಗೆ ನೋಡುವಾಗ ಮೊದಲ ಅನುಭವ ಗೊಂದಲದ್ದೇ. ಎಲ್ಲೆಲ್ಲೂ ಬೂದುಬಣ್ಣದ ಗುಂಡುಬಂಡೆಗಳು, ನಡುವೆ ಕುರುಚಲು ಗಿಡಗಳು. ಏಳುಸುತ್ತಿನ ಕೋಟೆಯ ಗೋಡೆಗಳೂ ಅದೇ ಕಲ್ಲಿನವಾದ್ದರಿಂದ ಬಂಡೆಗಳಲ್ಲಿ ಕರಗಿಹೋಗುತ್ತವೆ. ಮೊದಲು ಹೊಂಡಗಳನ್ನು ಗುರುತಿಸಿಕೊಂಡು, ಅಲ್ಲಿಂದ ಗೋಡೆಗಳತ್ತ ಸರಿಯುವುದು ಸುಲಭದ ಕ್ರಮ. ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ-ತಂಗಿ ಹೊಂಡಗಳು ಬಂಡೆಗಳ ನಡುವೆ ಹಸಿರುಗಪ್ಪು ನೀರಿನ ತುಣುಕುಗಳಾಗಿ ಬೇಗ ಕಣ್ಣಿಗೆ ಬೀಳುತ್ತವೆ. ಅವು ಸಿಕ್ಕ ಮೇಲೆ ಒಂದು ಬಂಡೆಯ ಗುಂಪಿನಿಂದ ಇನ್ನೊಂದಕ್ಕೆ ಹರಿದುಹೋಗುವ, ನಡುನಡುವೆ ಕೊತ್ತಲಗಳಿಗಾಗಿ ಉಬ್ಬಿದ ಸಣ್ಣ ಗೆರೆಯನ್ನು ಹಿಡಿದು ಹೋದರೆ ಗೋಡೆ ಬಿಡಿಸಿಕೊಳ್ಳುತ್ತದೆ. ಹೊರಸುತ್ತುಗಳು ಊರಿನ ಮನೆಗಳ ನಡುವೆ ಸಿಲುಕಿರುವುದರಿಂದ ಅಲ್ಲಿ ಗೋಡೆ ತುಂಡುತುಂಡಾಗಿ ಮಾತ್ರ ಸಿಗುತ್ತದೆ. ಏಳೂ ಸುತ್ತುಗಳನ್ನು ಮೇಲಿನಿಂದ ಎಣಿಸಿಬಿಡುತ್ತೇನೆಂದು ಕುಳಿತುಕೊಳ್ಳುವವರು ನಿರಾಶರಾಗುತ್ತಾರೆ.

ಇಲ್ಲಿ ಕಣ್ಣು ಮೋಸ ಹೋಗುವ ಒಂದು ಸಂಗತಿಯಿದೆ. ಇಂತಹ ಚಿತ್ರಗಳನ್ನು ತೆಗೆಯುವ ಉಪಗ್ರಹಗಳಲ್ಲಿ ಹೆಚ್ಚಿನವು ನಮ್ಮ ಮೇಲೆ ಬೆಳಗಿನ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತವೆ. ಮೋಡವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ, ಅಂದರೆ ಪರದೆಯ ಮೇಲಿನ ಎಡಮೂಲೆಯ ಕಡೆಗೆ ಬೀಳುತ್ತದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆಂದು ನಂಬಿರುವ ನಮ್ಮ ಕಣ್ಣು, ಹೀಗೆ ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಬಂಡೆಯನ್ನು ಹಳ್ಳವೆಂದೂ ಹಳ್ಳವನ್ನು ಬಂಡೆಯೆಂದೂ ಓದುತ್ತದೆ. ಚಿತ್ರವನ್ನು ತಿರುಗಿಸಿ ದಕ್ಷಿಣವನ್ನು ಮೇಲಕ್ಕೆ ತಂದರೆ ದುರ್ಗದ ಬಂಡೆಗಳು ಒಮ್ಮೆಲೇ ಉಬ್ಬಿ ನಿಲ್ಲುತ್ತವೆ. ಪ್ರೊ ಆವೃತ್ತಿಯಲ್ಲಿ ಮತ್ತೆ ಉತ್ತರವನ್ನು ಮೇಲಕ್ಕೆ ತರಲು ಕೀಲಿಮಣೆಯ ಎನ್ ಅಕ್ಷರ ಒತ್ತಿದರೆ ಸಾಕು.

ಇನ್ನೊಂದು ಪ್ರಯೋಗ ಈ ಕೋಟೆಗೇ ಹೇಳಿಮಾಡಿಸಿದಂತಿದೆ. ಮಳೆನೀರು ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವ ವ್ಯವಸ್ಥೆಯನ್ನು ದುರ್ಗದವರೆಲ್ಲ ಕೇಳಿಯೇ ಇರುತ್ತಾರೆ. ಪ್ರೊ ಆವೃತ್ತಿಯಲ್ಲಿ ಈ ನಾಲ್ಕನ್ನೂ ಕ್ರಮವಾಗಿ ಜೋಡಿಸುವ ಗೆರೆ ಎಳೆದು, ಆ ಗೆರೆಯ ಮೇಲೆ ಬಲಗುಂಡಿ ಒತ್ತಿ ಎಲಿವೇಶನ್ ಪ್ರೊಫೈಲ್ ಆರಿಸಿದರೆ, ಬೆಟ್ಟದಿಂದ ಪೇಟೆಗೆ ಇಳಿಯುವ ಆ ಹಾದಿಯ ಏರಿಳಿತ ಪರದೆಯ ಕೆಳಗೆ ಚಿತ್ರವಾಗಿ ಮೂಡುತ್ತದೆ. ಎತ್ತರದ ದತ್ತಾಂಶ ಒರಟು ಅಳತೆಯದಾದ್ದರಿಂದ ನಡುವೆ ಬರುವ ಒಂದೊಂದು ಬಂಡೆಯ ಎತ್ತರವನ್ನು ಅದರಿಂದ ಓದಬಾರದು. ಒಟ್ಟಾರೆ ಇಳಿಜಾರನ್ನು ಮಾತ್ರ ನಂಬಬಹುದು. ಚಿತ್ರವನ್ನು ಓರೆಯಾಗಿಸಿ ಮೂರು ಆಯಾಮದಲ್ಲಿ ನೋಡುವಾಗಲೂ ಇದೇ ಮಿತಿ ಕಾಡುತ್ತದೆ: ಬೆಟ್ಟ ಏಳುತ್ತದೆ, ಆದರೆ ಬಂಡೆಗಳೂ ಗೋಡೆಗಳೂ ಅದರ ಮೈಮೇಲೆ ಬಣ್ಣ ಬಳಿದಂತೆ ಚಪ್ಪಟೆಯಾಗಿ ಉಳಿಯುತ್ತವೆ. ಒನಕೆ ಓಬವ್ವನ ಕಿಂಡಿಯನ್ನು ಹುಡುಕುವ ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂಡೆಗಳ ಸಂದಿನಲ್ಲಿರುವ ಆ ಕಿಂಡಿ ಮೇಲಿನಿಂದ ತೆಗೆದ ಯಾವ ಚಿತ್ರದಲ್ಲೂ ಕಾಣುವುದಿಲ್ಲ.

ಚಂದ್ರವಳ್ಳಿಗೆ ಈ ಮೂರು ಆಯಾಮದ ನೋಟವೇ ಹೆಚ್ಚು ಉಪಯೋಗಿ, ಏಕೆಂದರೆ ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಆ ಕಣಿವೆಯ ಆಯಕಟ್ಟು ನೇರ ನೋಟದಲ್ಲಿ ಅರ್ಥವಾಗುವುದಿಲ್ಲ. ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ನಡೆಸಿದ ಉತ್ಖನನದ ಗುಂಡಿಗಳನ್ನು ಹುಡುಕಲು ಹೋಗುವುದು ಬೇಡ. ಸಂತೆಬೆನ್ನೂರಿನ ಪುಷ್ಕರಣಿಗೆ ತದ್ವಿರುದ್ಧ ಕ್ರಮ: ನೇರ ಮೇಲಿನಿಂದ ನೋಡಿ. ಚೌಕಾಕಾರದ ಕೊಳ, ನಡುವೆ ನೀರಿನಲ್ಲಿ ನಿಂತ ಮಂಟಪ, ಸುತ್ತಲೂ ಒಂದರೊಳಗೊಂದು ಇಳಿಯುವ ಮೆಟ್ಟಿಲುಗಳ ಗೆರೆಗಳು, ಪಕ್ಕದ ಮುಸಾಫಿರಖಾನೆ. ನಕ್ಷೆ ಬರೆಯುವವನು ಎಳೆದುಕೊಟ್ಟಂತೆ ಕಾಣುತ್ತದೆ. ಇದೇ ಪುಷ್ಕರಣಿ ಸೆಂಟಿನೆಲ್ ಚಿತ್ರದಲ್ಲಿ ಕೆಲವೇ ಚೌಕಗಳ ಅಗಲದ ಕಪ್ಪು ಕಲೆ. ಹರಿಹರದಲ್ಲಿ 13ನೆಯ ಶತಮಾನದ ಹರಿಹರೇಶ್ವರ ದೇವಾಲಯದ ಸಭಾಮಂಟಪದ ಅಂಚು ಮೂಲೆಮೂಲೆಯಾಗಿ ಒಳಹೊರಗೆ ಸರಿದಿರುವುದನ್ನು, ಅಂಗಳದಲ್ಲಿ ನಿಂತಾಗ ಗಮನಿಸದವರೂ ಮೇಲಿನಿಂದ ಗಮನಿಸುತ್ತಾರೆ.

ನೀರು ಮತ್ತು ಬೆಳೆಗೆ ಸೆಂಟಿನೆಲ್

ಗೂಗಲ್ ಅರ್ಥ್‌ನ ಸೊಬಗೆಲ್ಲ ಸೋಲುವುದು ಕೆರೆಯ ದಂಡೆಯಲ್ಲಿ. ಅದರ ಚಿತ್ರ ಹಲವು ದಿನಗಳ ತುಣುಕುಗಳನ್ನು ಹೊಲಿದು ಮಾಡಿದ್ದು. ವಾಣಿವಿಲಾಸ ಸಾಗರದಂತಹ ದೊಡ್ಡ ಜಲಾಶಯದಲ್ಲಿ ನೀರಿನ ಬಣ್ಣ ಒಂದು ನೇರ ಗೆರೆಯ ಆಚೆಗೆ ಥಟ್ಟನೆ ಬದಲಾಗಿದ್ದರೆ, ಅದು ಎರಡು ಬೇರೆ ದಿನಗಳ ಚಿತ್ರವೆಂದೇ ತಿಳಿಯಬೇಕು. ಅಂತಹ ಚಿತ್ರದಿಂದ ನೀರು ಎಷ್ಟಿತ್ತೆಂದು ಹೇಳುವುದು ಹೇಗೆ?

ಇಂತಹ ಪ್ರಶ್ನೆಗೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಚಿತ್ರಗಳೇ ಸರಿ. ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಹಾರಿದ ಮೇಲೆ, ಒಂದೇ ಜಾಗದ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಸಿಗುತ್ತಿದೆ. ಇವನ್ನು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ನೋಡಬಹುದು. ಚಿತ್ರಗಳನ್ನು ಇಳಿಸಿಕೊಳ್ಳಲು ಇಮೇಲ್ ಕೊಟ್ಟು ಉಚಿತ ಖಾತೆ ತೆರೆಯಬೇಕಾಗುತ್ತದೆ. ಊರನ್ನು ಹುಡುಕಿ, ದಿನಾಂಕ ಆರಿಸಿ, ಮೋಡದ ಪ್ರಮಾಣಕ್ಕೆ ಮಿತಿ ಹಾಕಿದರೆ ಆ ದಿನದ ಚಿತ್ರ ತೆರೆಯುತ್ತದೆ. ತುಂಬ ಹಳೆಯ ದಿನಾಂಕಕ್ಕೆ ಎಲ್2ಎ ಎಂಬ ಪದರದಲ್ಲಿ ಏನೂ ಬರದಿದ್ದರೆ ಎಲ್1ಸಿ ಆರಿಸಿ ನೋಡಬೇಕು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ಮೊದಲ ಪಾಠವಾಗಿ ಇಟ್ಟುಕೊಳ್ಳಬಹುದು. 1933ರಲ್ಲಿ ಕೋಡಿ ಬಿದ್ದ ಮೇಲೆ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಬಳಿಕ. ಬರದ ಬಿಸಿಯಿದ್ದ 2017ರ ಬೇಸಿಗೆಯ ಒಂದು ಚಿತ್ರವನ್ನೂ, 2022ರ ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲಿನ ಒಂದು ಚಿತ್ರವನ್ನೂ ತೆರೆದು, ಹೋಲಿಕೆಯ ಸೌಲಭ್ಯದಲ್ಲಿ ಒಂದರ ಮೇಲೊಂದಿಟ್ಟು ಸರಿಸಿದರೆ, ಗುಡ್ಡಗಳ ಸಂದುಗಳಿಗೆಲ್ಲ ನೀರು ಬೆರಳು ಚಾಚಿದ್ದು ಕಾಣುತ್ತದೆ. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಎಷ್ಟು ಚಿಕ್ಕ ಕಟ್ಟೆ ಎಷ್ಟು ದೊಡ್ಡ ನೀರನ್ನು ಹಿಡಿದಿದೆ ಎಂಬುದೂ ಆಗಲೇ ಮನದಟ್ಟಾಗುವುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯದೂ ಇದೇ ಬಗೆಯ ಜಾಣ್ಮೆ. ಗುಡ್ಡಗಳ ನಡುವಿನ ಏರಿ ಅಷ್ಟು ದೊಡ್ಡ ಕೆರೆಗೆ ಹೋಲಿಸಿದರೆ ಬಲು ಮೋಟು.

ಸಹಜ ಬಣ್ಣದ ಚಿತ್ರದಲ್ಲಿ ಸೂಳೆಕೆರೆಯ ಅಂಚನ್ನು ಹಿಡಿಯುವುದು ಕೆಲವೊಮ್ಮೆ ಕಷ್ಟ, ಏಕೆಂದರೆ ಕೆಸರು ನೀರು ಮತ್ತು ಒದ್ದೆ ಮಣ್ಣು ಒಂದೇ ಬಣ್ಣದಲ್ಲಿರುತ್ತವೆ. ಆಗ ಫಾಲ್ಸ್ ಕಲರ್ ಎಂಬ ನೋಟಕ್ಕೆ ಹೋಗಬೇಕು. ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಅದು ಕೆಂಪಾಗಿ ತೋರಿಸುವುದರಿಂದ, ಹಸಿರೆಲೆಯಿರುವ ಜಾಗವೆಲ್ಲ ಕೆಂಪಾಗಿಯೂ ನೀರು ಕಪ್ಪಾಗಿಯೂ ಬರುತ್ತದೆ. ನೀರಿಗೇ ಮೀಸಲಾದ ಎನ್‌ಡಿಡಬ್ಲ್ಯುಐ ಎಂಬ ನೋಟವೂ ಇದೆ. ಒಂದು ಎಚ್ಚರಿಕೆ: ಕೆರೆಯ ಮೇಲೆ ಜೊಂಡು, ಅಂತರಗಂಗೆ ಹರಡಿಕೊಂಡಿದ್ದರೆ ಅದೂ ಹೊಲದಂತೆ ಕೆಂಪಾಗಿ ಕಾಣುವುದರಿಂದ, ಕೆರೆ ಕುಗ್ಗಿದೆಯೆಂದು ಹೇಳುವ ಮೊದಲು ದಂಡೆಗೆ ಹೋಗಿ ನೋಡಿಬರುವುದು ಕ್ಷೇಮ. ಕುಂದವಾಡ ಕೆರೆ, ಬಾತಿ ಕೆರೆಗಳಂತಹ ಊರ ಮಗ್ಗುಲಿನ ಕೆರೆಗಳಲ್ಲಿ ಇದು ಕಷ್ಟದ ಮಾತೇನಲ್ಲ.

ಬೆಳೆಯ ವಿಷಯದಲ್ಲಿ ಈ ಕೆಂಪು ನೋಟ ನಮ್ಮ ಎರಡು ಜಿಲ್ಲೆಗಳ ವ್ಯತ್ಯಾಸವನ್ನೇ ಬಿಡಿಸಿಟ್ಟುಬಿಡುತ್ತದೆ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟಗಳು ವರ್ಷವಿಡೀ ಕಡುಗೆಂಪು. ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೆಂಪೇರಿ, ಕಟಾವಾದ ಮೇಲೆ ಬೂದುಬಣ್ಣಕ್ಕೆ ತಿರುಗುತ್ತವೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳು ವರ್ಷಕ್ಕೆರಡು ಸಲ ಮೊದಲು ನೀರು ನಿಂತು ಕಪ್ಪಾಗಿ, ಬಳಿಕ ಕೆಂಪಾಗುತ್ತವೆ. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟ ಮೇಲೆ ಜನವರಿ, ಫೆಬ್ರವರಿಯ ಚಿತ್ರಗಳನ್ನು ಸಾಲಾಗಿ ನೋಡಿದರೆ, ಮೇಲ್ಭಾಗದಲ್ಲಿ ಯಾವ ವಾರ ನಾಟಿಯಾಯಿತು, ಕೊನೆಭಾಗಕ್ಕೆ ನೀರು ಮುಟ್ಟಿತೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಕೊನೆಭಾಗದ ರೈತರು ಪ್ರತಿ ವರ್ಷ ಬಾಯಿಮಾತಿನಲ್ಲಿ ಹೇಳುವುದಕ್ಕೆ ದಿನಾಂಕವಿರುವ ಚಿತ್ರ ಜೊತೆಗೂಡಿದರೆ ಮಾತಿನ ತೂಕ ಹೆಚ್ಚುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮಳೆಗಾಲದಲ್ಲಿ ಈ ಸಾಧನ ಕೈಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ದಿನಕ್ಕೊಮ್ಮೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಮೋಡದ ಚಿತ್ರಗಳೇ. ಆಗ ಅದೇ ಜಾಲತಾಣದಲ್ಲಿರುವ ಸೆಂಟಿನೆಲ್-1 ರೇಡಾರ್ ಚಿತ್ರಕ್ಕೆ ಹೋಗಬಹುದು. ರೇಡಾರ್ ಅಲೆ ಮೋಡವನ್ನು ದಾಟಿ ಬರುತ್ತದೆ, ನಿಂತ ನೀರು ಅದರಲ್ಲಿ ಕಪ್ಪಾಗಿ ಕಾಣುತ್ತದೆ. ನೋಡಲು ಅದು ಅಂದವಾಗಿಲ್ಲ, ಓದಲು ಅಭ್ಯಾಸ ಬೇಕು. ಕೆರೆ ತುಂಬಿತೇ, ಹರಿಹರದ ಬಳಿ ತುಂಗಭದ್ರೆ ದಡ ಮೀರಿದಳೇ ಎಂಬಷ್ಟಕ್ಕೆ ಸಾಕು.

ಹಿಂದಿನ ಕಾಲಕ್ಕೆ ಹೋಗುವುದಾದರೆ

ಊರು ಬೆಳೆದ ಕಥೆಗೆ ಸೆಂಟಿನೆಲ್‌ನ ಹತ್ತು ವರ್ಷದ ಚಿತ್ರಗಳು ಸಾಲವು. ಲ್ಯಾಂಡ್‌ಸ್ಯಾಟ್ ಸರಣಿ 1972ರಲ್ಲಿ ಶುರುವಾಯಿತು. 30 ಮೀಟರಿನ ಚಿತ್ರಗಳು 1980ರ ದಶಕದಿಂದ ಇವೆ. ಇಡೀ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಿಂದ ಇವನ್ನು ಇಳಿಸಿಕೊಳ್ಳಬಹುದಾದರೂ, ಹೊಸಬರಿಗೆ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಸುಲಭ. 1984ರಿಂದ ಮುಂದಕ್ಕೆ ವರ್ಷಕ್ಕೊಂದು ಚಿತ್ರದಂತೆ ಓಡುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಮತ್ತು ರೈಲುಹಳಿಯ ಸುತ್ತ ಮುದುಡಿಕೊಂಡಿದ್ದ ಊರು, ಬಳಿಕ ಸುತ್ತಲಿನ ಹಸಿರನ್ನು ತಿನ್ನುತ್ತಾ ಹೆದ್ದಾರಿಯ ಕಡೆಗೆ ಹರಡಿದ್ದು ಇದರಲ್ಲಿ ಕಾಣುತ್ತದೆ. ಚಳ್ಳಕೆರೆ ಬಳಿಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ರಸ್ತೆ, ಬೇಲಿ, ಕಟ್ಟಡಗಳು ಎದ್ದದ್ದು, ಭೀಮಸಮುದ್ರದ ಕಡೆಯ ಗುಡ್ಡಗಳಲ್ಲಿ ಗಣಿಯ ಕೆಂಪು ಹರಡಿದ್ದು, ಭದ್ರಾ ಮೇಲ್ದಂಡೆಯ ಕಾಲುವೆ ಹೊಲಗಳ ನಡುವೆ ಗೆರೆ ಕೊರೆಯುತ್ತಾ ಬಂದದ್ದು, ಇವೆಲ್ಲಕ್ಕೂ ಇದೇ ಸರಿಯಾದ ಅಳತೆ. ಒಂದು ಮನೆ, ಒಂದು ಮಿಲ್ಲಿನ ಕಥೆಗೆ ಇದು ಬಾರದು.

ಮನೆ, ಮಿಲ್ಲಿನ ಮಟ್ಟದ ಬದಲಾವಣೆಗೆ ನಕ್ಷೆ ತಂತ್ರಾಂಶ ತಯಾರಿಸುವ ಎಸ್ರಿ ಸಂಸ್ಥೆಯ ವೇಬ್ಯಾಕ್ ತಾಣ ಗೂಗಲ್‌ಗೆ ಒಳ್ಳೆಯ ಜೊತೆ. 2014ರಿಂದ ಅವರು ಪ್ರಕಟಿಸಿದ ಉಪಗ್ರಹ ಚಿತ್ರದ ಆವೃತ್ತಿಗಳೆಲ್ಲ ಅಲ್ಲಿವೆ. ಪಟ್ಟಿಯಲ್ಲಿರುವುದು ಪ್ರಕಟಣೆಯ ದಿನಾಂಕ; ಚಿತ್ರದ ಮೇಲೆ ಒತ್ತಿದಾಗ ಬರುವುದೇ ತೆಗೆದ ದಿನಾಂಕ. ಎರಡರ ನಡುವೆ ವರ್ಷಗಳ ಅಂತರವಿರಬಹುದು. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವ ಹಟವಾದಿಗಳು ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ಕೊರೋನಾ ಎಂಬ ಹೆಸರಿನ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ 1960ರಿಂದ 1972ರವರೆಗಿನ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಬಹುದು. ಈಗಾಗಲೇ ಸ್ಕ್ಯಾನ್ ಆಗಿರುವವು ಉಚಿತ, ಉಳಿದವಕ್ಕೆ ಹಣ ಕೊಡಬೇಕು. ತಾಳ್ಮೆ ಇಲ್ಲದವರಿಗೆ ಈ ಹಾದಿ ಬೇಡ.

ಭುವನ್ ಮತ್ತು ಉಳಿದವು

ಇಸ್ರೋದ ಭುವನ್ 2009ರ ಆಗಸ್ಟ್‌ನಲ್ಲಿ ಆರಂಭವಾಯಿತು; ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಅದನ್ನು ನಡೆಸುತ್ತದೆ. ನಮ್ಮದೇ ಉಪಗ್ರಹಗಳೆಂಬ ಅಭಿಮಾನದಿಂದ ಅದನ್ನು ತೆರೆದು, ಗೂಗಲ್‌ನ ಹೊಳಪು ಕಾಣದೆ ಮುಚ್ಚಿಬಿಡುವವರು ಹೆಚ್ಚು. ಕೋಟೆಯ ಗೋಡೆ ನೋಡಲು ಭುವನ್‌ಗೆ ಹೋಗುವುದರಲ್ಲಿ ಅರ್ಥವಿಲ್ಲ, ಭದ್ರತೆಗೆ ಸಂಬಂಧಿಸಿದ ಜಾಗಗಳನ್ನಂತೂ ಅದು ಮರೆಮಾಡುತ್ತದೆ. ಅದರ ನಿಜವಾದ ಸಂಪತ್ತು ವಿಷಯವಾರು ನಕ್ಷೆಗಳು: ಭೂಬಳಕೆ, ಪಾಳುಭೂಮಿ, ಜಲಮೂಲಗಳ ಪದರಗಳನ್ನು ಜಿಲ್ಲೆವಾರು ತೆರೆದು ನೋಡಬಹುದು. ಜಗಳೂರು, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಎಷ್ಟು ಭೂಮಿ ಕುರುಚಲು, ಎಷ್ಟು ಸಾಗುವಳಿ ಎಂಬ ಪ್ರಶ್ನೆಯಿರುವ ವಿದ್ಯಾರ್ಥಿಗೆ ಭುವನ್‌ಗಿಂತ ನೇರವಾದ ಉತ್ತರ ಬೇರೆಡೆ ಸಿಗುವುದಿಲ್ಲ. ಮೂಲ ಚಿತ್ರಗಳೇ ಬೇಕೆಂದರೆ ಅದೇ ಕೇಂದ್ರದ ಭೂನಿಧಿ ತಾಣವಿದೆ.

ಬಿಂಗ್ ನಕ್ಷೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಗೂಗಲ್ ಚಿತ್ರದಲ್ಲಿ ನಿಮ್ಮೂರಿನ ಮೇಲೆ ಮೋಡ ಕುಳಿತಿದ್ದರೆ ಅಲ್ಲೊಮ್ಮೆ ನೋಡಿ. ನಾಸಾದ ವರ್ಲ್ಡ್‌ವ್ಯೂ ಪ್ರತಿದಿನದ ಚಿತ್ರ ಕೊಡುತ್ತದೆ, ಆದರೆ ಹದಿನೈದು ಎಕರೆಗೊಂದು ಚೌಕದ ಲೆಕ್ಕದಲ್ಲಿ. ಮುಂಗಾರಿನ ಮೋಡ ಘಟ್ಟ ದಾಟಿ ದುರ್ಗದ ಬಯಲಿಗೆ ಬರುವಷ್ಟರಲ್ಲಿ ಹೇಗೆ ತೆಳ್ಳಗಾಗುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಲು ಅದು ಚೆನ್ನ.

ಹೊಲದ ಗಡಿಯ ಪ್ರಶ್ನೆ

ಬದುವಿನ ಪ್ರಶ್ನೆಗೆ ಮೇಲಿನ ಯಾವುದೂ ಉತ್ತರ ಕೊಡುವುದಿಲ್ಲ. ಗೂಗಲ್ ಚಿತ್ರವನ್ನು ನೆಲದ ಮೇಲೆ ಕೂರಿಸುವಾಗ ಕೆಲವು ಮೀಟರಿನ ವ್ಯತ್ಯಾಸ ಸಾಮಾನ್ಯ. ಇದನ್ನು ಪರೀಕ್ಷಿಸುವುದು ಸುಲಭ: ಅರ್ಥ್ ಪ್ರೊ ಆವೃತ್ತಿಯಲ್ಲಿ ನಿಮ್ಮ ಮನೆಯ ಮೂಲೆಗೆ ಒಂದು ಗುರುತು ಹಾಕಿ, ಹಳೆಯ ಚಿತ್ರಗಳನ್ನು ಒಂದೊಂದಾಗಿ ತಂದರೆ ಮನೆಯೇ ಆ ಗುರುತಿನಿಂದ ಅತ್ತಿತ್ತ ಜಾರುವುದು ಕಾಣುತ್ತದೆ. ಬದು ಜಾರಿದಂತೆ ಕಾಣುವುದೂ ಹಾಗೆಯೇ.

ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ಇಲ್ಲಿ ಒಂದು ಹೆಜ್ಜೆ ಮುಂದಿದೆ. ನೀವು ನಿಂತ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ನಿವೇಶನ ಕೊಳ್ಳಲು ಹೊರಟವರು ತೋರಿಸಿದ ಜಾಗವೂ ಪತ್ರದಲ್ಲಿರುವ ಸರ್ವೆ ನಂಬರೂ ಒಂದೇ ಹೌದೇ, ಪಕ್ಕದಲ್ಲಿ ಕೆರೆ, ಗೋಮಾಳ, ಬಂಡಿದಾರಿ ಇದೆಯೇ ಎಂದು ಮೊದಲ ನೋಟಕ್ಕೆ ತಿಳಿಯಲು ಅದಕ್ಕಿಂತ ಉಪಯುಕ್ತವಾದದ್ದು ಇಲ್ಲ. ಆದರೆ ಅದರ ಗೆರೆಗಳು ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ ಎಳೆದವು. ಗಡಿಯ ಹತ್ತಿರ ನಿಂತಾಗ ಪಕ್ಕದ ನಂಬರು ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ಆ ಗೆರೆಯನ್ನು ತೋರಿಸಿ ಬೇಲಿ ಕಿತ್ತು ಹಾಕಲು ಹೋಗಬಾರದು. ಗಡಿ ಗೊತ್ತಾಗಬೇಕಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಹಾಕಿ, ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಮತ್ತು ಆಕಾರಬಂದಿನ (ವಿಸ್ತೀರ್ಣದ ದಾಖಲೆ) ಪ್ರಕಾರ ಅಳತೆ ಮಾಡಿಸಬೇಕು. ಭೂಮಾಪಕರು ಬರುವ ದಿನ, ಬದು ಹಿಂದೆ ಎಲ್ಲಿತ್ತೆಂಬುದನ್ನು ತೋರಿಸುವ ಹಳೆಯ ಚಿತ್ರವೊಂದನ್ನು ಅರ್ಥ್ ಪ್ರೊ ಆವೃತ್ತಿಯಿಂದ ಮುದ್ರಿಸಿಟ್ಟುಕೊಳ್ಳಬಹುದು. ಹಾಗೆ ಮಾಡುವಾಗ ಕೆಳಪಟ್ಟಿಯ ದಿನಾಂಕ ಕತ್ತರಿಸಿಹೋಗದಂತೆ ಇಡೀ ಪರದೆಯನ್ನೇ ಮುದ್ರಿಸಬೇಕು.